ಪದ ಪರಿಚಯ: ವಶೀಲಿಯೂ ನೆಟ್‌ವರ್ಕಿಂಗೂ

ಹೋದ ವಾರ ಹಾಸನದಲ್ಲೊಂದು ಬೀಗರೂಟ. ಪಕ್ಕದ ಎಲೆಯಲ್ಲಿ ಕೂತವರು ಮುದ್ದೆ ಮುರಿಯುತ್ತಾ, ಬೆಂಗಳೂರಿನಲ್ಲಿ ಕೆಲಸ ಬದಲಾಯಿಸಿದ ಹುಡುಗನೊಬ್ಬನ ಮಾತು ತೆಗೆದರು. "ಅವನಿಗೇನು ಬಿಡಿ, ನೆಟ್‌ವರ್ಕಿಂಗ್ ಚೆನ್ನಾಗೈತೆ" ಅಂದು ಕಣ್ಣು ಮಿಟುಕಿಸಿದರು. ನನ್ನ ತಕರಾರು ಆ ಕಣ್ಣು ಮಿಟುಕಿಸಿದ್ದರ ಮೇಲೆ. ಅವರ ಮನಸ್ಸಿನಲ್ಲಿದ್ದ ಪದ ವಶೀಲಿ. ಇಂಗ್ಲಿಷಿನಲ್ಲಿ ಅಂದರೆ ಮರ್ಯಾದೆ ಉಳಿಯುತ್ತದೆ ಅಂತ ನೆಟ್‌ವರ್ಕಿಂಗ್, ಅಂದರೆ ಕೆಲಸದ ವಲಯದಲ್ಲಿ ಪರಿಚಯ ಬೆಳೆಸಿಕೊಳ್ಳುವುದು, ಅಂದರು. ಒಂದೇ ತಿಂಗಳಲ್ಲಿ ಇದು ನಾಲ್ಕನೇ ಸಲ ಕೇಳುತ್ತಿರುವುದು.

(ಕಂಪ್ಯೂಟರ್ ನೆಟ್‌ವರ್ಕಿಂಗ್ ಕೋರ್ಸಿಗೂ, ಸೋಪು ಮಾರು, ಇನ್ನಿಬ್ಬರನ್ನು ಸೇರಿಸು ಎನ್ನುವ ಚೈನ್ ಲಿಂಕ್ ದಂಧೆಗೂ ಇದೇ ಹೆಸರು. ಅವುಗಳ ಗೊಡವೆ ಇಲ್ಲಿ ಬೇಡ.)

ಮೊದಲು ವಶೀಲಿ. ಅರಬ್ಬಿಯ ‘ವಸೀಲಾ’ ಇದರ ತಾಯಿ. ಅಲ್ಲಿ ಅದಕ್ಕೆ ತಲುಪುವ ದಾರಿ, ಸಾಧನ ಎಂದು ಅರ್ಥ. ದೇವರ ಹತ್ತಿರ ಹೋಗುವ ದಾರಿಗೂ ಅದೇ ಪದ, ಕುರಾನಿನಲ್ಲೇ ಬರುತ್ತದೆ. ಮರಾಠಿಯಲ್ಲಿ ‘ವಶಿಲಾ’ ಆಗಿ ದೊಡ್ಡವರ ಕೃಪೆಯ ಮಟ್ಟಕ್ಕೆ ಇಳಿಯಿತು. ‘ಬಾಜಿ’ ಅನ್ನುವ ಬಾಲ ಅಂಟಿಸಿಕೊಂಡು ವಶೀಲಿಬಾಜಿ ಆದ ಮೇಲಂತೂ ಮಾನ ಪೂರ್ತಿ ಹೋಯಿತು. ಕನ್ನಡದ ಕಿವಿಗೆ ಅದರೊಳಗೆ ‘ವಶ’ ಬೇರೆ ಕೇಳಿಸುತ್ತದೆ, ಯಾರನ್ನೋ ವಶ ಮಾಡಿಕೊಂಡ ಹಾಗೆ. ಆ ವಶಕ್ಕೂ ಈ ವಶೀಲಿಗೂ ನೆಂಟಸ್ತನವೇ ಇಲ್ಲ. ಅರ್ಥ ಮಾತ್ರ ಅಲ್ಲಿಗೇ ಹೋಗಿ ಕೂತಿದೆ.

ಶಿಫಾರಸು ಪಾರ್ಸಿಯ ಪದ, ಇದು ಸ್ವಲ್ಪ ಮರ್ಯಾದಸ್ಥ. "ಇವನ ಕೆಲಸ ನಾನು ಬಲ್ಲೆ" ಅಂತ ಒಬ್ಬರು ತಮ್ಮ ಹೆಸರು ಹಾಕಿ ಹೇಳಿದರೆ ಶಿಫಾರಸು. ವಶೀಲಿಯಲ್ಲಿ ಹೆಸರು ಹೊರಗೆ ಬರುವುದಿಲ್ಲ, ಫೋನ್ ಮಾತ್ರ ಹೋಗುತ್ತದೆ. ಒಳಗಿನ ನೌಕರರೇ ಹೊರಗಿನವರ ಹೆಸರು ಸೂಚಿಸುವ ಕಂಪನಿಗಳ ರೆಫರಲ್ ಈ ಶಿಫಾರಸಿನ ತಮ್ಮ. ಅದರಿಂದ ರೆಸ್ಯೂಮೆ ಒಬ್ಬರ ಕಣ್ಣಿಗೆ ಬೀಳುತ್ತದೆ ಅಷ್ಟೇ, ಇಂಟರ್‌ವ್ಯೂ ಎದುರಿಸಲೇಬೇಕು.

ಇನ್ನು ನೆಟ್‌ವರ್ಕ್. 16ನೇ ಶತಮಾನದ ಇಂಗ್ಲಿಷಿನಲ್ಲಿ ಇದು ಬಲೆಯ ಹಾಗೆ ಹೆಣೆದ ವಸ್ತು, ದಾರದ್ದೋ ಲೋಹದ್ದೋ. ಕನ್ನಡಕ್ಕೆ ತಂದವರು ‘ಜಾಲ’ ಅಂದರು. ಯಡವಟ್ಟಾಗಿದ್ದು ಇಲ್ಲೇ. ಪೇಪರ್‌ನಲ್ಲಿ ದಿನಾ ಯಾವ ಜಾಲ ಓದುತ್ತೀರಿ? ಗಾಂಜಾ ಜಾಲ, ನಕಲಿ ಅಂಕಪಟ್ಟಿ ಜಾಲ, ಕೊನೆಗೆ ಜಾಲ ಪತ್ತೆ. ಹೀಗಿರುವಾಗ ‘ವೃತ್ತಿಪರ ಜಾಲ ಬೆಳೆಸಿಕೊಳ್ಳಿ’ ಅಂತ ಹುಡುಗರಿಗೆ ಹೇಳಿದರೆ ಮನೆಯವರು ಹೆದರುವುದಿಲ್ಲವಾ? ‘ಹೆಣಿಗೆ’ ಅಂದಿದ್ದರೂ ಎಷ್ಟೋ ವಾಸಿಯಿತ್ತು.

ವಶೀಲಿ ತೀರ್ಮಾನಕ್ಕೇ ಕೈ ಹಾಕುತ್ತದೆ. ನೆಟ್‌ವರ್ಕಿಂಗ್ ಸುದ್ದಿ ತಂದುಕೊಟ್ಟು ಸುಮ್ಮನಾಗುತ್ತದೆ. ಎಲ್ಲಿ ಖಾಲಿ ಇದೆ, ಏನು ಕಲಿತಿರಬೇಕು, ಸಂಬಳ ಸಮಯಕ್ಕೆ ಬರುತ್ತದಾ, ಹಿಂದಿನವನು ಯಾಕೆ ಬಿಟ್ಟ, ಇಂಥವು.

ಚಿಕ್ಕಮಗಳೂರು ಕಡೆಯ ಕಾಫಿ ತೋಟದ ರೈಟರುಗಳನ್ನೇ ನೋಡಿ. ಹಾಜರಿ, ಬಟವಾಡೆ ಬರೆಯುವವರು, ಕೆಲಸದ ಪರಿಚಯಗಳಿಗೆಂದೇ ಇರುವ ಲಿಂಕ್ಡ್‌ಇನ್ ವೆಬ್‌ಸೈಟಿನ ಮುಖ ಕಂಡವರಲ್ಲ. ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಲೋಡು ತಂದಾಗ ಇನ್ನೊಂದು ತೋಟದ ರೈಟರ್ ಸಿಗುತ್ತಾನೆ. ಲಾರಿ ಖಾಲಿಯಾಗುವ ತನಕ ಮಾತು. "ಮೂಡಿಗೆರೆ ಕಡೆ ಒಂದು ತೋಟದಲ್ಲಿ ರೈಟರ್ ಬಿಟ್ನಂತೆ. ಲೈನ್ ಮನೆ (ಕೂಲಿಯವರ ಸಾಲು ಮನೆ) ಅಲ್ಲ, ಬೇರೆ ಮನೆ ಕೊಡ್ತಾರೆ. ಆದ್ರೆ ಸ್ಕೂಲು ದೂರ." ಅಷ್ಟೇ. ಆಮೇಲೆ ಸಾಹುಕಾರರನ್ನು ಕಂಡು, ಲೆಕ್ಕ ಬರುತ್ತದೆ ಅಂತ ತೋರಿಸಿಕೊಳ್ಳಬೇಕಾದವನು ಇವನೇ. ಇದರಲ್ಲಿ ಕಣ್ಣು ಮಿಟುಕಿಸುವಂಥದ್ದು ಏನಿದೆ?

ಇನ್ನೊಂದು ವಿಷಯ. ಸುದ್ದಿ ಹೇಳಿದವನು ಇವನ ಜೀವದ ಗೆಳೆಯನೇನಲ್ಲ, ವರ್ಷಕ್ಕೆ ಮೂರ್ನಾಲ್ಕು ಸಲ ಸಿಗುವವನು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದಿದ್ದು ಇದನ್ನೇ. ಬಾಸ್ಟನ್ ಹತ್ತಿರದ ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಅವರು ವಿಚಾರಿಸಿದರು. ಸುದ್ದಿ ಕೊಟ್ಟವರನ್ನು ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆ ಅಂದವರು ನೂರಕ್ಕೆ ಸುಮಾರು 17. ಅದಕ್ಕಿಂತ ಕಡಿಮೆ, ಆದರೆ ವರ್ಷಕ್ಕೊಮ್ಮೆಗಿಂತ ಜಾಸ್ತಿ ಅಂದವರು 55ಕ್ಕೂ ಹೆಚ್ಚು. ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ಅಂದವರು ಸುಮಾರು 28. ಕಾರಣ ಸರಳ. ನಿಮ್ಮ ಆಪ್ತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ದೂರದವರ ಹತ್ತಿರ ಇರುತ್ತದೆ.

ಇದಕ್ಕೆ ನಮ್ಮಲ್ಲಿ ಆಗಲೇ ಎರಡು ಪದ ಇವೆ ಅನ್ನುವುದು ನನಗೆ ಖುಷಿ. ಮನೆಯೊಳಗೆ ಬಂದು ಹೋಗುವಷ್ಟು ಸಲಿಗೆ ಇದ್ದರೆ ಹೊಕ್ಕುಬಳಕೆ. ಕಂಡಾಗ ನಕ್ಕು ನಾಲ್ಕು ಮಾತಾಡುವಷ್ಟಿದ್ದರೆ ಮುಖಪರಿಚಯ. ಕೆಲಸ ಹುಡುಕುವಾಗ ನಾವು ಓಡುವುದು ಹೊಕ್ಕುಬಳಕೆಯವರ ಮನೆಗೆ. ಸುದ್ದಿ ಇರುವುದು ಮುಖಪರಿಚಯದವರ ಹತ್ತಿರ. ಹಾಗಂತ ಗುರುತೇ ಇಲ್ಲದ ಐದು ಸಾವಿರ ಜನರನ್ನು ಲಿಂಕ್ಡ್‌ಇನ್‌ನಲ್ಲಿ ಗುಡ್ಡೆ ಹಾಕಿಕೊಂಡು ಕೂತರೆ ಅದೂ ದಂಡ. ಅದೇ ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರನ್ನು ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2022ರಲ್ಲಿ ಬಂತು. ಜಾಸ್ತಿ ಉಪಯೋಗಕ್ಕೆ ಬಂದಿದ್ದು ತೀರಾ ಹತ್ತಿರದವರೂ ಅಲ್ಲದ, ತೀರಾ ದೂರದವರೂ ಅಲ್ಲದ ನಡುವಿನವರು.

ಕೇಳುವ ರೀತಿಯೂ ಕೆಟ್ಟಿದೆ. "ಸರ್, ಯಾವುದಾದ್ರೂ ಕೆಲಸ ಇದ್ರೆ ಹೇಳಿ" ಅನ್ನುವ ಮೆಸೇಜ್ ಓದಿದವರು ಏನನ್ನು ನೆನಪಿಟ್ಟುಕೊಳ್ಳಬೇಕು? ನನ್ನ ಅಕ್ಕನ ಮಗ ಹಾಸನದಲ್ಲೇ ಇಂಜಿನಿಯರಿಂಗ್ ಓದಿದವನು. ಅವನೂ ಇದನ್ನೇ ಮೂವತ್ತು ಜನಕ್ಕೆ ಕಳಿಸಿ, ಒಂದೂ ಉತ್ತರ ಬರದೆ ಮುಖ ಊದಿಸಿಕೊಂಡಿದ್ದ. ಆಮೇಲೆ ಕಾಲೇಜಿನ ಸೀನಿಯರ್ ಒಬ್ಬರಿಗೆ ಹೀಗೆ ಬರೆಸಿದೆ: "ಸರ್, ನಾನು ಎರಡು ವರ್ಷದಿಂದ ಮೇಂಟೆನೆನ್ಸ್‌ನಲ್ಲಿದ್ದೀನಿ. ಡಿಸೈನ್ ಕಡೆ ಹೋಗಬೇಕು ಅಂತ ಆಸೆ. ನೀವು ಹಾಗೆ ಹೋದವರು ಅಂತ ಗೊತ್ತಾಯ್ತು. ಮೊದಲು ಏನು ಕಲಿತ್ರಿ? ಹತ್ತು ನಿಮಿಷ ಸಿಗುತ್ತಾ?" ಅವರು ಮುಕ್ಕಾಲು ಗಂಟೆ ಮಾತಾಡಿದರು. ಅವರ ಕಂಪನಿಯಲ್ಲಿ ಕೆಲಸ ಖಾಲಿ ಇರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಅವರೇ ಫೋನ್ ಮಾಡಿ ಬೇರೊಂದು ಕಂಪನಿಯ ವಿಷಯ ಹೇಳಿದರು. ಹುಡುಗ ಅರ್ಜಿ ಹಾಕಿದ, ಮೂರು ರೌಂಡ್ ಇಂಟರ್‌ವ್ಯೂ ಮುಗಿಸಿದ, ಸೇರಿಕೊಂಡ.

ನಮ್ಮಕ್ಕ ಈಗ ಬೀದಿಯವರಿಗೆಲ್ಲ ಹೇಳುತ್ತಿದ್ದಾಳೆ, "ಅವರ ಸೀನಿಯರ್‌ದು ವಶೀಲಿ ಇತ್ತು, ಆಯ್ತು."