ಆ ಲಾಗ್‌ಬುಕ್ಕನ್ನು ನೀಟು ಮಾಡಲು ಹೋಗಬೇಡಿ

ಮೊನ್ನೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಲಾಗ್‌ಬುಕ್ ನನ್ನ ಮೇಜಿಗೆ ಬಂತು. ಸಣ್ಣ ಹಾಯಿದೋಣಿಯದು, ಪ್ರಯಾಣದಲ್ಲಿ ಹೊತ್ತುಹೊತ್ತಿಗೆ ಬರೆದಿಟ್ಟ ದಿನಚರಿ. ಕವರ್ ಬಿಚ್ಚಿದ್ದೇ ತಡ, ಬೂಷ್ಟು ಮತ್ತು ಸೀಮೆಎಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ಇಂಕ್ ಪೆನ್ನಿನಲ್ಲಿ ಬರೆದ ಪುಟಗಳು ನೀಲಿ ಮೋಡವಾಗಿದ್ದವು. ಪೆನ್ಸಿಲ್ ಬರಹ ಮಾತ್ರ ನಿನ್ನೆ ಬರೆದಂತಿತ್ತು. ಪೆನ್ಸಿಲಿನ ಗ್ರಾಫೈಟ್ ನೀರಿನಲ್ಲಿ ಕರಗುವುದಿಲ್ಲ, ಅಷ್ಟೇ ಗುಟ್ಟು.

ಅದರ ಜೊತೆ ಆ ದೋಣಿಯವರ ಮನೆಯವರು ಇನ್ನೊಂದು ನೋಟ್‌ಬುಕ್ಕನ್ನೂ ಕೊಟ್ಟಿದ್ದರು. ದಡಕ್ಕೆ ಬಂದ ಮೇಲೆ ದೋಣಿಯವರೇ ಕೂತು ಬರೆದ ನೀಟು ಪ್ರತಿ. "ಇದನ್ನು ಇಟ್ಟುಕೊಂಡರೆ ಸಾಕಲ್ವಾ? ಆ ಕೊಳಕು ಪುಸ್ತಕ ಯಾಕೆ?" ಎಂದು ಕೇಳಿದರು. ನಾನು ಎರಡನ್ನೂ ಪಕ್ಕದಲ್ಲಿಟ್ಟು ಓದಿದೆ. ನೀಟು ಪ್ರತಿಯಲ್ಲಿ "ರಾತ್ರಿ ಗಾಳಿ ಜೋರಾಗಿತ್ತು" ಎಂದಷ್ಟೇ ಇತ್ತು. ಒದ್ದೆ ಪುಸ್ತಕದಲ್ಲಿ ಸೊಟ್ಟ ಅಕ್ಷರದಲ್ಲಿ ಹೀಗಿತ್ತು: "02:40. ಬ್ಯಾರೊಮೀಟರ್ 998, ಇನ್ನೂ ಇಳಿಯುತ್ತಿದೆ. ಹಾಯಿ ಚಿಕ್ಕದು ಮಾಡಲು ತಡ ಮಾಡಿದೆ. ತಪ್ಪು ನನ್ನದೇ."

ಆ ಕೊನೆಯ ಮಾತನ್ನು ದಡದಲ್ಲಿ ಕೂತು ಯಾರೂ ಬರೆಯುವುದಿಲ್ಲ.

ದೋಣಿಗಳಿಗೆ ಮ್ಯೂಸಿಯಂನಲ್ಲಿ ಜಾಗ ಸಿಗುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಫ್ರಾಂಕ್ ಡೈ ವೇಫೇರರ್ ಎಂಬ ಮಾದರಿಯ ಹದಿನಾರು ಅಡಿಯ ಹಾಯಿದೋಣಿಯಲ್ಲಿ ಐಸ್‌ಲ್ಯಾಂಡಿಗೂ ನಾರ್ವೆಗೂ ಹೋದರು. 'ವಾಂಡರರ್' ಎಂಬ ಆ ದೋಣಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಮ್ಯೂಸಿಯಂಗೆ ಸೇರಿತು. ಆದರೆ ಹೆಸರಾಗದ ನೂರಾರು ಜನರ ಲಾಗ್, ಪತ್ರ, ಸಮುದ್ರದ ಚಾರ್ಟಿನ (ನಕ್ಷೆಯ) ಅಂಚಿನಲ್ಲಿ ಗೀಚಿದ "ಇಲ್ಲಿ ಲಂಗರು ಹಿಡಿಯಲ್ಲ" ಎಂಬ ಮಾತು, ಇವೆಲ್ಲ ಅಟ್ಟದಲ್ಲೇ ಕೊಳೆಯುತ್ತವೆ. ಇಲ್ಲವೇ ಪ್ರೀತಿಯಿಂದಲೇ ಹಾಳಾಗುತ್ತವೆ. ಹರಿದಲ್ಲಿ ಸೆಲ್ಲೋ ಟೇಪ್ ಹಚ್ಚುತ್ತಾರೆ, ಲ್ಯಾಮಿನೇಟ್ ಮಾಡಿಸುತ್ತಾರೆ. ಟೇಪಿನ ಅಂಟು ವರ್ಷ ಕಳೆದಂತೆ ಕಾಗದದೊಳಗೆ ಇಳಿದು ಕಂದು ಕಲೆಯಾಗುತ್ತದೆ. ಲ್ಯಾಮಿನೇಶನ್ ಬಿಡಿಸುವುದಂತೂ ಹಳೆಯ ಕಾಗದಪತ್ರ ಉಳಿಸುವುದೇ ಕೆಲಸವಾದ ನನ್ನಂಥವರಿಗೂ ದುಃಸ್ವಪ್ನ.

ಸಮುದ್ರದ ನೀರಿನಿಂದ ಇನ್ನೊಂದು ಕಾಟವಿದೆ. ಪುಟ ಒಣಗಿದರೂ ಉಪ್ಪು ಒಳಗೇ ಉಳಿಯುತ್ತದೆ. ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಉಪ್ಪು ನೀರೆಳೆದುಕೊಂಡು ತಾನೇ ಕರಗುತ್ತದೆ. ಅಂದರೆ ಒಣಗಿಸಿಟ್ಟ ಪುಸ್ತಕ ಮತ್ತೆ ಒದ್ದೆ! ಹಾಗಂತ ಮನೆಯಲ್ಲೇ ತೊಳೆಯಲು ಹೋಗಬೇಡಿ. ಯಾವ ಇಂಕು ನೀರು ತಡೆಯುತ್ತದೆ ಎಂದು ಮೊದಲು ಪರೀಕ್ಷಿಸಬೇಕು. ನೀವು ಮಾಡಬಹುದಾದದ್ದು, ಪುಟಗಳ ನಡುವೆ ಬಿಳಿ ಬ್ಲಾಟಿಂಗ್ ಪೇಪರ್ ಇಟ್ಟು, ಬದಲಿಸುತ್ತಾ, ಫ್ಯಾನ್ ಗಾಳಿಯಲ್ಲಿ ಒಣಗಿಸುವುದು. ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡವೇ ಬೇಡ. ಎರಡು ದಿನದಲ್ಲಿ ಬೂಷ್ಟು ಹತ್ತಬಹುದು. ಅಷ್ಟರೊಳಗೆ ಆಗದಿದ್ದರೆ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಬೂಷ್ಟು ಸಾಯುವುದಿಲ್ಲ, ಸುಮ್ನೆ ಮಲಗುತ್ತದೆ. ನಿಮಗೆ ಸಮಯ ಸಿಗುತ್ತದೆ.

ಪಿನ್ ಹೊಡೆದ ಹಳೆಯ ಸುದ್ದಿಪತ್ರಗಳಿದ್ದರೆ (ನ್ಯೂಸ್‌ಲೆಟರ್) ಆ ಪಿನ್ ಮೊದಲು ನೋಡಿ. ತುಕ್ಕು ಹಿಡಿದಿದ್ದರೆ ನಿಧಾನ ಬಿಚ್ಚಿ, ಎಳೆಯಬೇಡಿ.

ಸ್ಕ್ಯಾನ್ ಮಾಡುವಾಗ ಬಣ್ಣದಲ್ಲೇ ಮಾಡಿ, 400 ಡಿಪಿಐ, ಟಿಫ್ ಫೈಲ್. ಕಪ್ಪು-ಬಿಳುಪಿನಲ್ಲಿ ಪೆನ್ಸಿಲ್ ಯಾವುದು, ಆಮೇಲೆ ಪೆನ್ನಿನಲ್ಲಿ ತಿದ್ದಿದ್ದು ಯಾವುದು ಎಂದೇ ತಿಳಿಯುವುದಿಲ್ಲ. ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿ. ಈಗಿನವರು "ನಮ್ಮದೆಲ್ಲ ಪ್ಲಾಟರಿನಲ್ಲಿದೆ" ಎನ್ನುತ್ತಾರೆ, ಅಂದರೆ ದೋಣಿ ಸಾಗಿದ ಜಾಡನ್ನು ನಕ್ಷೆಯ ಮೇಲೆ ತೋರಿಸುವ ಯಂತ್ರದಲ್ಲಿ. ಇರಲಿ, ಆ ಜಾಡನ್ನು ಜಿಪಿಎಕ್ಸ್ ಎಂಬ ಬಗೆಯ ಫೈಲ್ ಆಗಿ ಹೊರತೆಗೆದಿಡಿ. ಅದು ಬರೀ ಪಠ್ಯ, ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಆದರೆ ದೋಣಿ ಎಲ್ಲಿ ತಿರುಗಿತು ಎಂದು ಅದು ಹೇಳುತ್ತದೆ, ಯಾಕೆ ತಿರುಗಿತು ಎಂದಲ್ಲ.

ಆ ಒದ್ದೆ ಪುಸ್ತಕದ ಪುಟಗಳ ನಡುವೆ ಒಂದು ಖಾಲಿ ಚೀಟಿಯೂ ಸಿಕ್ಕಿತು. ಸಮುದ್ರದಲ್ಲಿರುವವರಿಗೆ ರೇಡಿಯೋ ಮೂಲಕ ಬರುವ ಸೂಚನೆಗಳನ್ನು ಅಚ್ಚು ಮಾಡುವ ನ್ಯಾವ್‌ಟೆಕ್ಸ್ ಯಂತ್ರದಿಂದ ಬಂದ ಹವಾಮಾನದ ಸೂಚನೆ ಇರಬೇಕು. ಅದು ಥರ್ಮಲ್ ಕಾಗದ, ಬಿಸಿಗೂ ಬೆಳಕಿಗೂ ಅಕ್ಷರ ಮಾಸಿಹೋಗುತ್ತದೆ. ಅಂಥದ್ದು ನಿಮ್ಮ ಹತ್ತಿರ ಇದ್ದರೆ ಇವತ್ತೇ ಫೋಟೋ ತೆಗೆಯಿರಿ. ಇದರಲ್ಲಿ ಓದಲು ಏನೂ ಉಳಿದಿಲ್ಲ. ಆದರೂ ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೇನೆ: "02:40ರ ಪುಟದಲ್ಲಿ ಸಿಕ್ಕಿದ್ದು."