ಹಳೆಯ ಚಿತ್ರಗಳಲ್ಲಿ ಅಂಗಡಿ ನೌಕರರು ನಿಂತೇ ಇರುವುದೇಕೆ?

ಪ್ರಶ್ನೆ: ನೂರು, ನೂರೈವತ್ತು ವರ್ಷ ಹಿಂದಿನ ಯುರೋಪಿನ ಚಿತ್ರಗಳಲ್ಲೂ ಫೋಟೋಗಳಲ್ಲೂ ಅಂಗಡಿ ಕೆಲಸದವರು ಸದಾ ನಿಂತಿರುತ್ತಾರೆ. ಇದು ಕಲಾವಿದರ ಕಲ್ಪನೆಯೇ, ಅಥವಾ ಆಗ ಹಾಗೆಯೇ ಇತ್ತೇ?

ಉತ್ತರ: ಹಾಗೆಯೇ ಇತ್ತು. ಗಿರಾಕಿ ಇರಲಿ, ಇಲ್ಲದಿರಲಿ, ನೌಕರರು ಕುಳಿತರೆ ಅನೇಕ ಮಾಲೀಕರ ಕಣ್ಣಿಗೆ ಅದು ಸೋಮಾರಿತನವಾಗಿ ಕಾಣುತ್ತಿತ್ತು.

ಫ್ರೆಂಚ್ ಕಲಾವಿದ ಜೇಮ್ಸ್ ಟಿಸೊ 1883–85ರ ಸುಮಾರಿಗೆ ಬರೆದ 'ಅಂಗಡಿಯ ಹುಡುಗಿ' ಎಂಬ ಚಿತ್ರ ಈಗ ಟೊರಾಂಟೊದ ಕಲಾ ಸಂಗ್ರಹಾಲಯದಲ್ಲಿದೆ. ಪ್ಯಾರಿಸ್ಸಿನ ರಿಬ್ಬನ್ ಅಂಗಡಿ. ಕಪ್ಪು ಉಡುಪಿನ ಯುವತಿ ಕೈಯಲ್ಲಿ ಪೊಟ್ಟಣ ಹಿಡಿದು, ಬಾಗಿಲು ತೆರೆದು ನಮ್ಮತ್ತ ನೋಡುತ್ತಾಳೆ. ಅಂದರೆ ಚಿತ್ರದ ಮುಂದೆ ನಿಂತ ನಾವೇ ವ್ಯಾಪಾರ ಮುಗಿಸಿ ಹೊರಟ ಗಿರಾಕಿಗಳು. ಮೇಜಿನ ಮೇಲೆ ರಿಬ್ಬನ್‌ಗಳು ಸಿಕ್ಕುಸಿಕ್ಕಾಗಿ ಬಿದ್ದಿವೆ, ಒಂದು ನೆಲಕ್ಕೂ ಜಾರಿದೆ. ಅವನ್ನೆಲ್ಲ ಸುತ್ತಿಡಬೇಕಾದವರು ಈ ಹುಡುಗಿಯರೇ. ಹಿಂದೆ ಇನ್ನೊಬ್ಬಳು ಕೈ ಮೇಲೆತ್ತಿ ಸಾಮಾನು ಜೋಡಿಸುತ್ತಿದ್ದರೆ, ಎತ್ತರದ ಟೋಪಿಯ ಗಂಡಸೊಬ್ಬ ಗಾಜಿನಾಚೆಯಿಂದ ಅವಳನ್ನು ದಿಟ್ಟಿಸುತ್ತಿದ್ದಾನೆ. ಅಂಗಡಿಯ ಸರಕಿನ ಜೊತೆಗೆ ತಾವೂ ದಿನವಿಡೀ ನೋಡಿಸಿಕೊಳ್ಳಬೇಕಿದ್ದ ಅವರ ಪಾಡನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ. ಕಪ್ಪು ಬಟ್ಟೆಯೂ ಅವರ ಆಯ್ಕೆಯಲ್ಲ. ದೊಡ್ಡ ಅಂಗಡಿಗಳಲ್ಲಿ ಅದು ಕಡ್ಡಾಯವಾಗಿತ್ತು. ಗಿರಾಕಿಗಳ ನಡುವೆ ನೌಕರರನ್ನು ಥಟ್ಟನೆ ಗುರುತಿಸುವುದಕ್ಕೂ ಅನುಕೂಲ.

ಕುಳಿತ ಹೆಣ್ಣೂ ಒಬ್ಬಳಿದ್ದಾಳೆ. ಫ್ರೆಂಚ್ ಕಲಾವಿದ ಎಡ್ಗರ್ ಡೆಗಾ ಬರೆದ, ಈಗ ಷಿಕಾಗೋದಲ್ಲಿರುವ 'ಟೋಪಿ ಅಂಗಡಿ' ಚಿತ್ರದಲ್ಲಿ ಅವಳು ಟೋಪಿಯೊಂದನ್ನು ಹಿಡಿದು ಪರೀಕ್ಷಿಸುತ್ತಿದ್ದಾಳೆ. ಡೆಗಾ ಮೊದಲು ಅವಳನ್ನು ಗಿರಾಕಿಯಾಗಿಯೇ ಬರೆದಿದ್ದನೆಂದು ಎಕ್ಸ್‌ರೇ ತೋರಿಸಿತು. ಈಗ ಬಹುಮಂದಿ ಅವಳನ್ನು ಟೋಪಿ ತಯಾರಿಸುವವಳೆಂದು ತಿಳಿಯುತ್ತಾರೆ. ಹೊಲಿಯುವವಳಿಗೆ ಕುಳಿತೇ ಕೆಲಸ. ಮಾರುವವಳಿಗೆ ಆ ಭಾಗ್ಯವಿರಲಿಲ್ಲ.

ಫೋಟೋಗಳಿಗೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಅಂಗಡಿಯ ಒಳಗೆ ಬೆಳಕು ಸಾಲದು, ಆಗ ಕ್ಯಾಮೆರಾದಲ್ಲಿ ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಫಲಕಗಳಿಗೆ ಹೆಚ್ಚು ಬೆಳಕು ಬೇಕು. ಹಾಗಾಗಿ ಮಾಲೀಕನಿಂದ ಹಿಡಿದು ಸಾಮಾನು ಹೊರುವ ಹುಡುಗನವರೆಗೆ ಎಲ್ಲರೂ ಬಾಗಿಲ ಮುಂದೆ ಸಾಲಾಗಿ ನಿಲ್ಲುತ್ತಿದ್ದರು.

ಈ ಫೋಟೋಗಳಲ್ಲಿ ಕಾಲುನೋವು ಕಾಣುವುದಿಲ್ಲ. ಅದಕ್ಕೆ ಕಾನೂನಿನ ಪುಟಗಳನ್ನೇ ತೆರೆಯಬೇಕು. ಬ್ರಿಟನ್ನಿನಲ್ಲಿ 1886ರ ಕಾಯ್ದೆ 18 ವರ್ಷದೊಳಗಿನ ಅಂಗಡಿ ನೌಕರರ ಕೆಲಸಕ್ಕೆ ಮಿತಿ ಹಾಕಿತು. ಆ ಮಿತಿಯೇ ಊಟದ ಹೊತ್ತೂ ಸೇರಿ ವಾರಕ್ಕೆ 74 ಗಂಟೆ! 1899ರಲ್ಲಿ ಮತ್ತೊಂದು ಕಾಯ್ದೆ ಬಂದು, ಮೂವರು ಮಹಿಳಾ ನೌಕರರಿಗೆ ಕನಿಷ್ಠ ಒಂದು ಆಸನವಿರಬೇಕೆಂದು ವಿಧಿಸಿತು.

ನಮ್ಮ ನೆರೆಯ ಕೇರಳದಲ್ಲಿ ಜವಳಿ ಅಂಗಡಿಗಳ ಮಹಿಳೆಯರು ವರ್ಷಗಟ್ಟಲೆ ಹೋರಾಡಿದ ಮೇಲೆ, ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕು ಕಾನೂನಿಗೆ ಸೇರಿದ್ದು 2018ರಲ್ಲಿ. ತಮಿಳುನಾಡು 2021ರಲ್ಲಿ ಅದೇ ಹಾದಿ ಹಿಡಿಯಿತು.