ಬೇಸಿಗೆಯಲ್ಲಿ ಬತ್ತುವ ಕೊಳದಿಂದ ಕಪ್ಪೆಗಳಿಗೆ ತೊಂದರೆಯೇ?

ಪ್ರಶ್ನೆ: ಕಪ್ಪೆಗಳಿಗೆಂದೇ ಒಂದು ಕೊಳ ತೋಡಿಸಿದ್ದೇವೆ. ಬೇಸಿಗೆಯಲ್ಲಿ ಪೂರ್ತಿ ಬತ್ತಿಹೋಗುತ್ತದೆ. ವರ್ಷವಿಡೀ ನೀರು ನಿಲ್ಲುವ ಹಾಗೆ ಆಳ ಮಾಡಿಸಬೇಕಾ?

ಬೇಡ. ಬತ್ತುವುದೇ ನಿಮ್ಮ ಕೊಳದ ದೊಡ್ಡ ಗುಣ. ನೀರು ಸದಾ ನಿಂತರೆ ಮೀನು ಬೇರೂರುತ್ತವೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಲ್ಲೇ ಬಲಿಯುತ್ತವೆ. ಎರಡಕ್ಕೂ ಗೊದಮೊಟ್ಟೆ ಎಂದರೆ ಸುಲಭದ ಊಟ. ಕೊಳ ಒಮ್ಮೆ ಒಣಗಿತೆಂದರೆ ಈ ಕಾಟ ಬಹುಪಾಲು ತಪ್ಪುತ್ತದೆ.

ನೀವು ಗಮನಿಸಬೇಕಾದ್ದು ಕೊಳ ಯಾವಾಗ ಬತ್ತುತ್ತದೆ ಅನ್ನೋದನ್ನು. ಗೊದಮೊಟ್ಟೆ ಕಾಲು ಮೂಡಿ ದಡ ಹತ್ತುವ ತನಕ ನೀರು ಇರಲೇಬೇಕು. ಈ ಅವಧಿ ಒಂದೊಂದು ಜಾತಿಗೆ ಒಂದೊಂದು ಥರ. ಉತ್ತರ ಅಮೆರಿಕದ ಮರುಭೂಮಿಯ ಸ್ಪೇಡ್‌ಫುಟ್ ಕಪ್ಪೆಗೆ ಎಂಟೊಂಬತ್ತು ದಿನವೇ ಸಾಕಾಗಬಹುದು. ಅದೇ ಖಂಡದ ಬುಲ್‌ಫ್ರಾಗ್‌ಗೆ ಚಳಿ ಹೆಚ್ಚಿರುವ ಕಡೆ 2 ವರ್ಷವೂ ಹಿಡಿಯುತ್ತದೆ. ಬುಲ್‌ಫ್ರಾಗ್ ಹೊರಗಿನಿಂದ ಬಂದು ಸ್ಥಳೀಯ ಕಪ್ಪೆಗಳನ್ನು ನುಂಗುತ್ತಿರುವ ಕಡೆಗಳಲ್ಲಿ ಕೊಳವನ್ನು ಬೇಕೆಂದೇ ಬರಿದು ಮಾಡುತ್ತಾರೆ. ಸ್ಥಳೀಯ ಕಪ್ಪೆಗಳ ಮರಿಗಳೆಲ್ಲ ದಡ ಹತ್ತಿದ ಮೇಲೆ ನೀರು ಹೊರಗೆ ಬಿಡಬೇಕು ಅಷ್ಟೆ.

ಹಾಗಂತ ಎಲ್ಲ ಕೊಳವೂ ಬತ್ತಬೇಕಿಲ್ಲ. ಕೆಲವು ನೆಲಗಪ್ಪೆಗಳ ಗೊದಮೊಟ್ಟೆ ಬಾಯಿಗೆ ರುಚಿಸುವುದಿಲ್ಲ, ಮೀನು ಅವುಗಳ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಹಲವು ಜಾತಿ ಬೇಕೆಂದರೆ ಹಲವು ಬಗೆಯ ಕೊಳ ಬೇಕು. ಆಳ ಮಾಡಿಸುವ ದುಡ್ಡಿನಲ್ಲಿ ಪಕ್ಕದಲ್ಲೇ ಇನ್ನೊಂದೆರಡು ಸಣ್ಣ ಕೊಳ ತೋಡಿಸಿ ಅನ್ನುತ್ತೇನೆ ನಾನು. ಸ್ವಿಟ್ಜರ್ಲೆಂಡಿನ ಆರ್ಗಾವ್ ಪ್ರಾಂತ್ಯದಲ್ಲಿ 1999ರಿಂದ ಎರಡು ದಶಕ ಹೀಗೆ ನೂರಾರು ಕೊಳ ತೋಡಿದರು. ಕಡಿಮೆಯಾಗುತ್ತಿದ್ದ ಮರಗಪ್ಪೆ ಅಲ್ಲಿ ಮತ್ತೆ ಹರಡಿತು.

ದಡ ಮಾತ್ರ ಇಳಿಜಾರಾಗಿರಲಿ. ಕೈಕಾಲು ಮೂಡಿ ಬಾಲ ಕರಗುವ ಆ ಕೆಲವು ದಿನ ಮರಿಯ ಬಾಯಿಯೂ ಹೊಸದಾಗಿ ರೂಪುಗೊಳ್ಳುತ್ತಿರುತ್ತದೆ. ಅದು ಏನೂ ತಿನ್ನುವುದಿಲ್ಲ, ಬಾಲದ ಶಕ್ತಿಯಲ್ಲೇ ಬದುಕುತ್ತದೆ. ಈಜು ನಿಧಾನ, ಜಿಗಿತ ಇನ್ನೂ ಬಂದಿಲ್ಲ. ಆಗ ಪ್ಲಾಸ್ಟಿಕ್ ಹಾಸಿದ ಕಡಿದಾದ ಗೋಡೆ ಎದುರಾದರೆ ಎಲ್ಲಿ ಹತ್ತೀತು? ಹತ್ತಿದ ಮೇಲೂ ಸುತ್ತ ಹುಲ್ಲು, ತರಗೆಲೆ, ಕೊಳೆತ ಮರದ ತುಂಡು ಬೇಕು. ಬಹಳಷ್ಟು ಕಪ್ಪೆಗಳು ಆಯುಷ್ಯದ ಹೆಚ್ಚು ಭಾಗ ಕಳೆಯುವುದು ನೆಲದ ಮೇಲೆ, ಅಲ್ವಾ?

ಕೊಳ ಖಾಲಿ ಕಾಣುತ್ತಿದೆಯೆಂದು ಬೇರೆ ಕಡೆಯಿಂದ ಗೊದಮೊಟ್ಟೆ ತಂದು ಬಿಡಬೇಡಿ. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಗಳ ಚರ್ಮಕ್ಕೆ ಅಂಟಿ ಎಷ್ಟೋ ಜಾತಿಗಳನ್ನೇ ಅಳಿಸಿಹಾಕಿದೆ. ಅದು ನೀರಿನ ಜೊತೆಗೂ ಸಾಗುತ್ತದೆ. ಒಂದು ಕೊಳದಲ್ಲಿ ಬಳಸಿದ ಬಲೆ, ಬೂಟುಗಳನ್ನು ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಇನ್ನೊಂದಕ್ಕೆ ಇಳಿಸಿ.